ರಾತ್ರಿ ಪ್ಲ್ಯಾನ್, ಬೆಳಿಗ್ಗೆ ಟ್ರೈನ್: ಮ್ಯೂನಿಕ್‌ನಿಂದ ಲಿಂಡೌಗೆ ಗೆಳೆಯರ ಜೊತೆ ಒಂದು ದಿನ, ಹಂತ ಹಂತವಾಗಿ

ಶುಕ್ರವಾರ ರಾತ್ರಿ ಒಂಬತ್ತಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಮೆಸೇಜ್ ಬೀಳುತ್ತದೆ: "ನಾಳೆ ಲಿಂಡೌ?" ಲಿಂಡೌ ಎಂದರೆ ಜರ್ಮನಿಯ ದಕ್ಷಿಣ ಅಂಚಿನಲ್ಲಿ, ಲೇಕ್ ಕಾನ್‌ಸ್ಟನ್ಸ್ ಸರೋವರದ ದಡದ ಊರು. ಹತ್ತೂವರೆಯೊಳಗೆ ಎಂಟು ಜನ ಹೆಬ್ಬೆಟ್ಟು ಎತ್ತಿರುತ್ತಾರೆ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಇಬ್ಬರು ಬೇರೆ ಬೋಗಿಯಲ್ಲಿ ಕೂತು ಓಬರ್ಸ್ಟ್‌ಡಾರ್ಫ್ ಎಂಬ ಇನ್ಯಾವುದೋ ಊರು ಸೇರಿರುತ್ತಾರೆ, ಒಬ್ಬರು ದಂಡ ಕಟ್ಟಿರುತ್ತಾರೆ, ಉಳಿದವರು ಬಂದರಿನ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಿರುತ್ತಾರೆ.

ದಿಢೀರ್ ಹೊರಟಿದ್ದು ಇದಕ್ಕೆ ಕಾರಣವಲ್ಲ. ತಯಾರಿಯ ಕ್ರಮ ತಲೆಕೆಳಗಾಗಿದ್ದು ಕಾರಣ. ಹೆಚ್ಚಿನವರು ಮೊದಲು ಹೋಗುವ ಟ್ರೈನ್ ನೋಡುತ್ತಾರೆ, ಆಮೇಲೆ ಟಿಕೆಟ್ ತೆಗೆಯುತ್ತಾರೆ, ಆಮೇಲೆ ಯಾರು ಯಾರು ಬರುತ್ತಾರೆ ಎಂದು ಕೇಳುತ್ತಾರೆ. ವಾಪಸ್ ಟ್ರೈನಿನ ವಿಷಯ ಸಂಜೆ ಐಸ್‌ಕ್ರೀಮ್ ತಿನ್ನುವಾಗ ನೆನಪಾಗುತ್ತದೆ. ಇದನ್ನು ಪೂರ್ತಿ ಉಲ್ಟಾ ಮಾಡಬೇಕು: ಮೊದಲು ವಾಪಸ್ ಟ್ರೈನ್, ನಂತರ ತಲೆ ಎಣಿಕೆ, ನಂತರ ಟಿಕೆಟ್, ಕೊನೆಗೆ ಸರೋವರ. ರಾತ್ರಿ ಅರ್ಧ ಗಂಟೆ ಕೂತರೆ ಮುಗಿಯುವ ಕೆಲಸ.

ಹಂತ 1: ವಾಪಸ್ ಟ್ರೈನ್ ಗುರುತು ಹಾಕಿಕೊಳ್ಳಿ

ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್ ತೆರೆದು ಲಿಂಡೌನಿಂದ ಮ್ಯೂನಿಕ್‌ಗೆ ಸಂಜೆಯ ಟ್ರೈನ್‌ಗಳನ್ನು ಹುಡುಕಿ. ಹುಡುಕುವ ಮುನ್ನ ವಾಹನಗಳ ಆಯ್ಕೆಗೆ ಹೋಗಿ ಲೋಕಲ್ ಮತ್ತು ರೀಜನಲ್ ಟ್ರೈನ್ ಮಾತ್ರ ತೋರಿಸುವಂತೆ ಮಾಡಿ. ಈ ಒಂದು ಫಿಲ್ಟರ್ ಹಾಕದೇ ಇರುವುದರಿಂದಲೇ ಅರ್ಧಕ್ಕರ್ಧ ಎಡವಟ್ಟುಗಳು ಶುರುವಾಗುತ್ತವೆ. ಫಿಲ್ಟರ್ ಇಲ್ಲದಿದ್ದರೆ ಮ್ಯೂನಿಕ್–ಜ್ಯೂರಿಕ್ ನಡುವಿನ ಯೂರೋಸಿಟಿ ಎಕ್ಸ್‌ಪ್ರೆಸ್ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಸುಮಾರು ಎರಡು ಗಂಟೆಯಲ್ಲಿ ಮುಟ್ಟಿಸುತ್ತದೆ, ನೋಡಿದ ತಕ್ಷಣ ಆಸೆಯಾಗುತ್ತದೆ. ಆದರೆ ಅಗ್ಗದ ಗುಂಪು ಟಿಕೆಟ್ ಯಾವುದೂ ಅದರಲ್ಲಿ ನಡೆಯುವುದಿಲ್ಲ.

ರೀಜನಲ್ ಟ್ರೈನ್‌ಗೆ ಎರಡು ದಾರಿ ಇವೆ. ಒಂದು ಮೆಮ್ಮಿಂಗೆನ್ ಮೂಲಕ, ಆರ್‌ಇ 96. ಇನ್ನೊಂದು ಕೆಂಪ್ಟನ್, ಇಮ್ಮನ್‌ಸ್ಟಾಟ್ ಮೂಲಕ, ಆರ್‌ಇ 70. ಎರಡೂ ಎರಡೂವರೆಯಿಂದ ಮೂರು ಗಂಟೆ ತೆಗೆದುಕೊಳ್ಳುತ್ತವೆ. ಒಂದೊಂದು ದಾರಿಯಲ್ಲೂ ಸಾಮಾನ್ಯವಾಗಿ ಎರಡು ಗಂಟೆಗೊಂದು ಟ್ರೈನ್. ಅಂದರೆ ಒಂದು ಟ್ರೈನ್ ತಪ್ಪಿತು ಎಂದರೆ ಹತ್ತು ನಿಮಿಷದಲ್ಲಿ ಇನ್ನೊಂದು ಬರುವ ಊರು ಇದಲ್ಲ.

ಆ ದಿನದ ಕೊನೆಯ ನೇರ ಟ್ರೈನ್ ಯಾವುದೆಂದು ನೋಡಿ, ಅದಕ್ಕಿಂತ ಒಂದು ಹಿಂದಿನದನ್ನು ನಿಮ್ಮ ಟ್ರೈನ್ ಎಂದು ನಿರ್ಧರಿಸಿ. ಕೊನೆಯದು ವಿಮೆ ಇದ್ದ ಹಾಗೆ, ಅದನ್ನು ಮೊದಲೇ ಖರ್ಚು ಮಾಡಬೇಡಿ. ಆ ಸಮಯವನ್ನು ಗುಂಪಿನಲ್ಲಿ ಪಿನ್ ಮಾಡಿ.

ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ವಾಪಸ್ ಟ್ರೈನ್ ಸಂಜೆ ಆರೂವರೆಗೆ, ಬೆಳಿಗ್ಗೆ ಮುಟ್ಟುವುದು ಹತ್ತಕ್ಕೆ ಎಂದಿಟ್ಟುಕೊಳ್ಳಿ, ಕೈಯಲ್ಲಿರುವುದು ಎಂಟೂವರೆ ಗಂಟೆ. ವಾರದ ದಿನವಾದರೆ ಅದು ಐದಾರು ಗಂಟೆಗೆ ಇಳಿಯುತ್ತದೆ. ಯಾಕೆ ಎನ್ನುವುದು ಹಂತ 3ರಲ್ಲಿದೆ.

ಎಚ್ಚರಿಕೆಯ ಗುರುತು: ಟ್ರೈನ್ ವಿವರದಲ್ಲಿ ಎಸ್‌ಇವಿ ಎಂಬ ಮೂರಕ್ಷರ ಕಂಡರೆ ಹಳಿ ಕೆಲಸ ನಡೆಯುತ್ತಿದೆ, ಅಷ್ಟು ದೂರ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ ಎಂದರ್ಥ. ಅಂಥ ದಿನ ಒಂದು ಗಂಟೆ ಹೆಚ್ಚಿಗೆ ಹಿಡಿಯಿರಿ. ಎರಡೂ ದಾರಿಯಲ್ಲಿ ಎಸ್‌ಇವಿ ಇದ್ದರೆ ಬೇರೆ ಊರು ನೋಡಿಕೊಳ್ಳುವುದೇ ವಾಸಿ.

ಹಂತ 2: ತಲೆ ಎಣಿಸಿ, ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ

"ನೋಡೋಣ", "ಬೆಳಿಗ್ಗೆ ಹೇಳ್ತೀನಿ", "ಟ್ರೈ ಮಾಡ್ತೀನಿ" ಎಂದವರು ಲೆಕ್ಕಕ್ಕಿಲ್ಲ. ಕೇಳಬೇಕಾದ ಪ್ರಶ್ನೆ ಮೂರು. ಬರುತ್ತೀರಾ, ಹೌದು ಅಥವಾ ಇಲ್ಲ? ನಿಮ್ಮ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ (ದೇಶವಿಡೀ ಲೋಕಲ್, ರೀಜನಲ್ ಟ್ರೈನಿಗೆ ನಡೆಯುವ ತಿಂಗಳ ಪಾಸ್) ಇದೆಯಾ? ಎಲ್ಲರ ಜೊತೆಗೇ ವಾಪಸ್ ಬರುತ್ತೀರಾ?

ಮೂರನೆಯದು ಕೇಳಲು ಮುಜುಗರವಾಗಬಹುದು, ಆದರೆ ಅದೇ ಮುಖ್ಯ. ಗುಂಪು ಟಿಕೆಟ್ ಒಂದೇ ಕಾಗದ, ಅದು ಏಕಕಾಲಕ್ಕೆ ಎರಡು ಟ್ರೈನ್‌ನಲ್ಲಿ ಇರಲಾರದು. ನಾಲ್ಕು ಗಂಟೆಗೇ ಹೊರಡಬೇಕು ಎನ್ನುವವರು ಐವರಲ್ಲಿ ಒಬ್ಬರಿದ್ದರೆ ಅವರು ಹೊಸ ಟಿಕೆಟ್ ತೆಗೆಯಬೇಕಾಗುತ್ತದೆ.

ಹಂತ 3: ಟಿಕೆಟ್

ಡಾಯ್ಚ್‌ಲಾಂಡ್ ಟಿಕೆಟ್ ಇದ್ದವರಿಗೆ ಲಿಂಡೌ ತನಕ ಬೇರೇನೂ ಬೇಡ. ಅವರನ್ನು ಎಣಿಕೆಯಿಂದ ಹೊರಗಿಡಿ. ಗುಂಪು ಟಿಕೆಟ್‌ನಲ್ಲಿ ಅವರ ಹೆಸರನ್ನೂ ಸೇರಿಸಿ ಸುಮ್ಮನೆ ಹಣ ಕಳೆಯುವವರು ಬಹಳ. ಅದು ತಿಂಗಳ ಚಂದಾ, ಹೆಸರಿಗೆ ಕಟ್ಟಿದ್ದು. ಗೆಳೆಯನ ಫೋನ್ ಇಸಕೊಂಡು ತೋರಿಸಿದರೆ ನಡೆಯುವುದಿಲ್ಲ, ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ.

ಉಳಿದವರಿಗೆ ಬಯರ್ನ್ ಟಿಕೆಟ್, ಅಂದರೆ ಬವೇರಿಯಾ ರಾಜ್ಯದ ಒಂದು ದಿನದ ಗುಂಪು ಟಿಕೆಟ್. ಒಂದು ಟಿಕೆಟ್‌ನಲ್ಲಿ ಹೆಚ್ಚೆಂದರೆ ಐವರು. ಮೊದಲನೆಯವರಿಗೆ ಪೂರ್ತಿ ದರ, ಮುಂದಿನ ಪ್ರತಿಯೊಬ್ಬರಿಗೂ ಅದರ ಸುಮಾರು ಮೂರನೇ ಒಂದು ಭಾಗ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಐವರ ಲೆಕ್ಕಕ್ಕೂ ಅವರು ಬರುವುದಿಲ್ಲ. ಮ್ಯೂನಿಕ್ ಒಳಗಿನ ಯು-ಬಾನ್ (ಮೆಟ್ರೋ), ಎಸ್-ಬಾನ್ (ಲೋಕಲ್ ಟ್ರೈನ್), ಟ್ರಾಮ್, ಬಸ್ಸಿಗೂ ಇದೇ ಟಿಕೆಟ್ ನಡೆಯುತ್ತದೆ.

ಆರು ಜನ ಇದ್ದರೆ ಸಾಮಾನ್ಯವಾಗಿ ಐದು ಮತ್ತು ಒಂದು ಎಂದು ಎರಡು ಟಿಕೆಟ್ ತೆಗೆಯುತ್ತಾರೆ. ಲೆಕ್ಕ ಹಾಕಿ ನೋಡಿ: ಐದು–ಒಂದು ಮಾಡಿದರೂ, ಮೂರು–ಮೂರು ಮಾಡಿದರೂ ಎರಡು ಪೂರ್ತಿ ದರ, ನಾಲ್ಕು ಹೆಚ್ಚುವರಿ ದರ, ಮೊತ್ತದಲ್ಲಿ ಒಂದು ಸೆಂಟ್ ವ್ಯತ್ಯಾಸವಿಲ್ಲ. ಹಾಗಿದ್ದ ಮೇಲೆ ಮೂರು–ಮೂರು ಮಾಡಿ. ಬೇಗ ಹೊರಡುವವರು ಒಂದು ಟಿಕೆಟ್‌ನಲ್ಲಿ, ಸೂರ್ಯಾಸ್ತ ನೋಡಿಯೇ ಬರುತ್ತೇವೆ ಎನ್ನುವವರು ಇನ್ನೊಂದರಲ್ಲಿ. ಏಳು ಜನರಾದರೆ ನಾಲ್ಕು–ಮೂರು, ಎಂಟಾದರೆ ನಾಲ್ಕು–ನಾಲ್ಕು ಅಥವಾ ಐದು–ಮೂರು.

ಈಗ ಒಂಬತ್ತರ ನಿಯಮ. ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಬಯರ್ನ್ ಟಿಕೆಟ್ ಮಧ್ಯರಾತ್ರಿಯಿಂದಲೇ ಚಾಲ್ತಿ. ಸೋಮವಾರದಿಂದ ಶುಕ್ರವಾರದ ತನಕ ಬೆಳಿಗ್ಗೆ 9ರ ನಂತರ ಮಾತ್ರ. ಎರಡೂ ಮರುದಿನ ಬೆಳಗಿನ ಜಾವ 3ರ ವರೆಗೆ ನಡೆಯುತ್ತವೆ. ಜನ ಸಿಕ್ಕಿಬೀಳುವುದು ದೊಡ್ಡ ಟ್ರೈನಿನಲ್ಲಲ್ಲ. ಟ್ರೈನ್ ಒಂಬತ್ತರ ನಂತರವೇ ಇದೆಯಲ್ಲ ಎಂದುಕೊಂಡು ಎಂಟೂವರೆಗೆ ಮನೆ ಹತ್ತಿರ ಯು-ಬಾನ್ ಹತ್ತಿದಾಗ. ಆ ಅರ್ಧ ಗಂಟೆಗೆ ಪ್ರತ್ಯೇಕ ಟಿಕೆಟ್ ಬೇಕು. ಟಿಕೆಟ್ ಇಲ್ಲದ ಪ್ರಯಾಣಕ್ಕೆ ದಂಡ ಕನಿಷ್ಠ 60 ಯೂರೋ, ತಲಾ.

ಟಿಕೆಟ್ ತೆಗೆದ ತಕ್ಷಣ ಎಲ್ಲರ ಹೆಸರೂ ಅದರಲ್ಲಿ ಸರಿಯಾಗಿದೆಯೇ ನೋಡಿ. ಮಷೀನ್‌ನಿಂದ ಬಂದ ಕಾಗದದ ಟಿಕೆಟ್ ಆದರೆ ಪೆನ್ನಿನಲ್ಲಿ ಹೆಸರು ಬರೆಯುವುದು ನಿಮ್ಮದೇ ಕೆಲಸ, ಟ್ರೈನ್ ಹೊರಡುವ ಮುನ್ನ. ಒಬ್ಬರು ಬರಲಿಲ್ಲವೆಂದು ಅವರ ಜಾಗಕ್ಕೆ ಇನ್ನೊಬ್ಬರನ್ನು ಹತ್ತಿಸಿಕೊಳ್ಳುವಂತಿಲ್ಲ. ಆ್ಯಪ್‌ನಲ್ಲಿ ತೆಗೆದಿದ್ದರೆ ಟಿಕೆಟ್ ಇರುವ ಫೋನ್ ಇಡೀ ದಿನ ಬದುಕಿರಬೇಕು. ಗುಂಪಿನಲ್ಲಿ ಅತಿ ಹೆಚ್ಚು ಫೋಟೋ ತೆಗೆಯುವವರ ಫೋನಿನಲ್ಲಿ ಟಿಕೆಟ್ ಇಡಬೇಡಿ.

ಹಂತ 4: ಚೀಲ

ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಪರ್ಮಿಟ್ ಕಾರ್ಡ್, ಎರಡೂ ಅಸಲು. ಲಿಂಡೌ ಜರ್ಮನಿಯಲ್ಲೇ ಇದ್ದರೂ ಆಸ್ಟ್ರಿಯಾದ ಗಡಿಗೆ ಅಂಟಿಕೊಂಡಿದೆ, ಸ್ವಿಟ್ಜರ್ಲೆಂಡ್ ನೀರಿನಾಚೆ ಕಣ್ಣಿಗೇ ಕಾಣುತ್ತದೆ. ಷೆಂಗೆನ್ ಒಳಗೆ ತಪಾಸಣೆ ಇಲ್ಲ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಆಸ್ಟ್ರಿಯಾ ಗಡಿಯಲ್ಲಿ ಜರ್ಮನಿ 2015ರಿಂದ, ತನ್ನ ಎಲ್ಲ ಭೂಗಡಿಗಳಲ್ಲಿ 2024ರ ಸೆಪ್ಟೆಂಬರ್‌ನಿಂದ ತಪಾಸಣೆ ಇಟ್ಟಿದೆ. ಫೋನಿನಲ್ಲಿರುವ ಫೋಟೋ ಸಾಲದು.

ಕಾರ್ಡ್ ನವೀಕರಣಕ್ಕೆ ಕೊಟ್ಟು ತಾತ್ಕಾಲಿಕ ಪತ್ರ ಇಟ್ಟುಕೊಂಡಿರುವವರು ಆ ಪತ್ರವನ್ನೊಮ್ಮೆ ಬಿಡಿಸಿ ನೋಡಿ. ಅದರಲ್ಲಿ ಜರ್ಮನ್ ನಿವಾಸ ಕಾಯ್ದೆಯ 81ನೇ ಕಲಮಿನ ಯಾವ ಉಪಕಲಮಿಗೆ ಗುರುತು ಹಾಕಿದ್ದಾರೆ ಎನ್ನುವುದು ಮುಖ್ಯ. 4ನೆಯದಾದರೆ ಹೊರಗೆ ಹೋಗಿ ವಾಪಸ್ ಬರಬಹುದು. 3ನೆಯದಾದರೆ ಜರ್ಮನಿ ಬಿಟ್ಟರೆ ಆ ಪತ್ರದ ಮೇಲೆ ಒಳಗೆ ಬರಲಾಗದು. ಅಂಥವರು ಒಬ್ಬರಿದ್ದರೂ ಇಡೀ ಗುಂಪು ಲಿಂಡೌನಲ್ಲೇ ಉಳಿಯಲಿ, ಗಡಿಯಾಚೆಯ ಬ್ರೆಗೆಂಜ್ ಬೇಡ.

ಫೋನಿನಲ್ಲಿ ಒಂದು ಸಣ್ಣ ಬದಲಾವಣೆ. ಸರೋವರದ ದಡದಲ್ಲಿ ಸ್ವಿಸ್ ಟವರ್‌ಗಳ ಸಿಗ್ನಲ್ ಸಿಗುತ್ತದೆ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಉಚಿತ ರೋಮಿಂಗ್ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಹಡಗಿನ ಮೇಲಿಂದ ಅಮ್ಮನಿಗೆ ಹತ್ತು ನಿಮಿಷ ವಿಡಿಯೋ ಕಾಲ್ ಮಾಡಿದರೆ ಆ ಬಿಲ್ಲು ಟ್ರೈನ್ ಟಿಕೆಟ್‌ಗಿಂತ ದೊಡ್ಡದಾಗಬಹುದು. ನೆಟ್‌ವರ್ಕ್ ತಾನಾಗಿ ಆರಿಸಿಕೊಳ್ಳುವುದನ್ನು ನಿಲ್ಲಿಸಿ ನಿಮ್ಮ ಜರ್ಮನ್ ಕಂಪನಿಯನ್ನೇ ಕೈಯಾರೆ ಆರಿಸಿ. ಆಸ್ಟ್ರಿಯಾ ಒಕ್ಕೂಟದಲ್ಲಿದೆ, ಅಲ್ಲಿ ಈ ಭಯವಿಲ್ಲ.

ತಿಂಡಿಗೆ ಪುಳಿಯೋಗರೆ, ಚಪಾತಿ ರೋಲ್, ಚಟ್ನಿಪುಡಿ ಹಚ್ಚಿದ ದೋಸೆ ಒಳ್ಳೆಯದು. ಜುಲೈ ಬಿಸಿಲಿನಲ್ಲಿ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿ ಬಂದಿರುತ್ತದೆ, ಬೇಡ. ತಲಾ ಒಂದು ಲೀಟರ್ ನೀರು, ತೆಳು ಟವೆಲ್, ಮಳೆ ಜಾಕೆಟ್, ಪವರ್ ಬ್ಯಾಂಕ್, ಶೌಚಾಲಯಕ್ಕೆಂದು 50 ಸೆಂಟ್ ಮತ್ತು 1 ಯೂರೋದ ಐದಾರು ನಾಣ್ಯ. ಭಾನುವಾರ ಹೋಗುವುದಾದರೆ ಸಾಮಾನನ್ನು ಶನಿವಾರ ರಾತ್ರಿಯೊಳಗೆ ತಂದಿಡಿ. ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತವೆ, ಮ್ಯೂನಿಕ್ ಮುಖ್ಯ ಸ್ಟೇಷನ್ನಿನ ಅಂಗಡಿಗಳೇ ಗತಿ.

ಹಂತ 5: ಪ್ಲಾಟ್‌ಫಾರ್ಮ್ ಮತ್ತು ಬೋಗಿ

ಲಿಂಡೌ ದಾರಿಯ ಅಲ್ಗಾಯ್ ಪ್ರದೇಶದ ಕಡೆಯ ಟ್ರೈನ್‌ಗಳು ಹೆಚ್ಚಾಗಿ ಮುಖ್ಯ ಸ್ಟೇಷನ್ನಿನ 27ರಿಂದ 36ರ ಪ್ಲಾಟ್‌ಫಾರ್ಮ್‌ಗಳಿಂದ ಹೊರಡುತ್ತವೆ. ಇವು ಪಕ್ಕದ ರೆಕ್ಕೆಯಲ್ಲಿವೆ, ಯು-ಬಾನ್‌ನಿಂದ ಮೇಲೆ ಬಂದರೆ ಇನ್ನೂ ಐದರಿಂದ ಹತ್ತು ನಿಮಿಷ ನಡಿಗೆ. ಸ್ಟೇಷನ್‌ನ ಪುನರ್‌ನಿರ್ಮಾಣ ನಡೆದಿರುವುದರಿಂದ ದಾರಿಯೂ ಸುತ್ತುಬಳಸು. "ಸ್ಟೇಷನ್ನಿನಲ್ಲಿ ಸಿಗೋಣ" ಎನ್ನಬೇಡಿ, "ಟ್ರೈನ್ ಹೊರಡಲು 20 ನಿಮಿಷ ಮುಂಚೆ ಪ್ಲಾಟ್‌ಫಾರ್ಮ್‌ನ ತಲೆಯಲ್ಲಿ ಸಿಗೋಣ" ಎನ್ನಿ. ಪಾಸಿಂಗ್‌ನಲ್ಲಿ ಹತ್ತಿದರಾಯಿತು ಎಂದುಕೊಳ್ಳುವವರಿಗೆ ಬೇಸಿಗೆಯ ಶನಿವಾರ ಸೀಟು ಸಿಗುವುದಿಲ್ಲ, ಎಲ್ಲ ಮುಖ್ಯ ಸ್ಟೇಷನ್ನಿನಲ್ಲೇ ತುಂಬಿರುತ್ತದೆ.

ಇನ್ನು ಈ ದಾರಿಯ ಅತಿ ದೊಡ್ಡ ಬಲೆ. ಕೆಂಪ್ಟನ್ ಮೂಲಕ ಹೋಗುವ ಟ್ರೈನ್ ನೋಡಲು ಒಂದೇ ಇದ್ದರೂ ಅದು ಜೋಡಿ ಟ್ರೈನ್. ಇಮ್ಮನ್‌ಸ್ಟಾಟ್‌ನಲ್ಲಿ ಅದನ್ನು ಬಿಡಿಸುತ್ತಾರೆ. ಆರ್‌ಇ 70 ಲಿಂಡೌ ಕಡೆಗೆ, ಆರ್‌ಇ 76 ಓಬರ್ಸ್ಟ್‌ಡಾರ್ಫ್ ಕಡೆಗೆ. ಓಬರ್ಸ್ಟ್‌ಡಾರ್ಫ್ ಬೆಟ್ಟಗಳ ನಡುವೆ ಹಳಿ ಮುಗಿಯುವ ಊರು, ಅಲ್ಲಿಂದ ಲಿಂಡೌಗೆ ಬರಲು ಮತ್ತೆ ಇಮ್ಮನ್‌ಸ್ಟಾಟ್‌ಗೇ ಹಿಂತಿರುಗಬೇಕು. ಅರ್ಧ ದಿನ ಹೋದಂತೆಯೇ.

ಹತ್ತುವ ಮುನ್ನ ಬಾಗಿಲ ಪಕ್ಕದ ಅಥವಾ ಬೋಗಿಯ ಒಳಗಿನ ಬೋರ್ಡ್ ಓದಿ. ಪ್ಲಾಟ್‌ಫಾರ್ಮ್ ಬೋರ್ಡಿನಲ್ಲಿ ಎರಡೂ ಊರಿನ ಹೆಸರು ಇರುತ್ತದೆ, ಅದನ್ನು ನಂಬಿ ಹತ್ತಬೇಡಿ. ನೀವು ಕೂರುವ ಬೋಗಿಯ ಮೇಲೆ ಏನಿದೆ ಎನ್ನುವುದೇ ಲೆಕ್ಕ. ಎರಡು ಭಾಗಗಳ ನಡುವೆ ಒಳಗಿನಿಂದ ದಾಟಲಾಗದು. ಹತ್ತಿದ ಮೇಲೆ ಪಕ್ಕದವರನ್ನು "ಲಿಂಡೌ?" ಎಂದು ಒಮ್ಮೆ ಕೇಳಿದರೆ ನಷ್ಟವೇನಿಲ್ಲ. ತಪ್ಪು ಭಾಗದಲ್ಲಿದ್ದೀರಿ ಎಂದು ದಾರಿಯಲ್ಲಿ ಗೊತ್ತಾದರೆ ಗಾಬರಿ ಬೇಡ, ಇಮ್ಮನ್‌ಸ್ಟಾಟ್‌ಗೆ ಮುಂಚೆ ಬರುವ ಯಾವುದಾದರೂ ಸ್ಟೇಷನ್ನಿನಲ್ಲಿ ಇಳಿದು ಪ್ಲಾಟ್‌ಫಾರ್ಮ್ ಮೇಲೆ ಓಡಿ ಸರಿಯಾದ ಭಾಗ ಹತ್ತಬಹುದು. ಮೆಮ್ಮಿಂಗೆನ್ ದಾರಿಯಲ್ಲಿ ಈ ಲಿಂಡೌ–ಓಬರ್ಸ್ಟ್‌ಡಾರ್ಫ್ ಗೊಂದಲ ಇಲ್ಲ. ಮೊದಲ ಸಲ ಹೋಗುವ ಗುಂಪಿಗೆ ಅದೇ ಸುಲಭ.

ಹಂತ 6: ಎರಡು ಸ್ಟೇಷನ್, ಇಳಿಯುವುದು ಎಲ್ಲಿ?

ಲಿಂಡೌನ ಹಳೇ ಪೇಟೆ ದ್ವೀಪದ ಮೇಲಿದೆ. ಲಿಂಡೌ-ಇನ್ಸೆಲ್ ಎಂಬ ಸ್ಟೇಷನ್ ದ್ವೀಪದ್ದು, ಹೊರಗೆ ಬಂದರೆ ಎದುರಿಗೇ ಬಂದರು. 2020ರ ಡಿಸೆಂಬರ್‌ನಲ್ಲಿ ದೂರದ ಟ್ರೈನ್‌ಗಳಿಗೆಂದು ದಡದ ಮೇಲೆ ಲಿಂಡೌ-ರಾಯ್ಟಿನ್ ಸ್ಟೇಷನ್ ತೆರೆದರು. ಕೆಲವು ರೀಜನಲ್ ಟ್ರೈನ್‌ಗಳೂ ಅಲ್ಲೇ ನಿಲ್ಲಿಸಿಬಿಡುತ್ತವೆ. ಆ್ಯಪ್‌ನಲ್ಲಿ ಬರಿಯ "ಲಿಂಡೌ" ಎಂದು ಹುಡುಕದೆ "ಲಿಂಡೌ-ಇನ್ಸೆಲ್" ಎಂದೇ ಹಾಕಿ. ರಾಯ್ಟಿನ್‌ನಲ್ಲಿ ಇಳಿಯಬೇಕಾಗಿ ಬಂದರೆ ಮುಂದಿನ ಟ್ರೈನ್ ಅಥವಾ ಸಿಟಿ ಬಸ್ ಹಿಡಿಯಿರಿ, ಇಲ್ಲವೇ ಸೇತುವೆ ದಾಟಿ ಅರ್ಧ ಗಂಟೆ ನಡೆಯಿರಿ.

ಹಂತ 7: ದ್ವೀಪದ ಮೇಲೆ ಯಾವುದು ಮೊದಲು

ಮೊದಲ ಕೆಲಸ ಹಡಗಿನ ವೇಳಾಪಟ್ಟಿ ನೋಡುವುದು, ಫೋಟೋ ಅಲ್ಲ. ಬಂದರಿನ ಕಟ್ಟೆಯಲ್ಲೇ ಬೋರ್ಡ್ ಇರುತ್ತದೆ. ಹಡಗುಗಳು ಮುಖ್ಯವಾಗಿ ಈಸ್ಟರ್ ಆಸುಪಾಸಿನಿಂದ ಅಕ್ಟೋಬರ್ ಮಧ್ಯದ ತನಕ ಓಡುತ್ತವೆ. ಡಾಯ್ಚ್‌ಲಾಂಡ್ ಟಿಕೆಟ್ ಆಗಲಿ ಬಯರ್ನ್ ಟಿಕೆಟ್ ಆಗಲಿ ಹಡಗಿಗೆ ನಡೆಯುವುದಿಲ್ಲ, ಬೇರೆ ಟಿಕೆಟ್ ಬೇಕು.

ಎರಡನೆಯದು ಲೈಟ್‌ಹೌಸ್. ಬಂದರಿನ ಬಾಯಲ್ಲಿ ಒಂದು ಕಡೆ 33 ಮೀಟರ್ ಎತ್ತರದ ಲೈಟ್‌ಹೌಸ್, ಇನ್ನೊಂದು ಕಡೆ 6 ಮೀಟರ್‌ನ ಬವೇರಿಯಾದ ಸಿಂಹ, ಎರಡೂ 1856ರವು. ಲೈಟ್‌ಹೌಸ್ ಮೆಟ್ಟಿಲು ಕಿರಿದು, ಹತ್ತುವವರೂ ಇಳಿಯುವವರೂ ಅದೇ ದಾರಿಯಲ್ಲಿ. ಹನ್ನೊಂದರ ಮೇಲೆ ಪ್ರವಾಸಿಗಳ ಬಸ್ಸುಗಳು ಬಂದು ಬಿಡುತ್ತವೆ, ಅದಕ್ಕೆ ಮುಂಚೆ ಹತ್ತಿ ಇಳಿಯಿರಿ. ಹವೆ ಕೆಟ್ಟರೆ ಮತ್ತು ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಮಾಕ್ಸಿಮಿಲಿಯನ್‌ಸ್ಟ್ರಾಸೆ ಎಂಬ ಮುಖ್ಯ ಬೀದಿ, ಗೋಡೆ ತುಂಬ ಚಿತ್ರ ಬರೆದ ಹಳೇ ಟೌನ್‌ಹಾಲ್, ಪಶ್ಚಿಮದ ತುದಿಯಲ್ಲಿರುವ ಕಳ್ಳರ ಗೋಪುರ, ಇವಕ್ಕೆ ಒಂದೂವರೆ ಗಂಟೆ ಸಾಕು. ಇಡೀ ದ್ವೀಪವೇ ಒಂದು ಚದರ ಕಿಲೋಮೀಟರ್‌ಗಿಂತ ಚಿಕ್ಕದು. ಪೇಟೆ ಸುತ್ತುವುದನ್ನು ಸಂಜೆಗೆ ಇಟ್ಟುಕೊಂಡರೂ ಆದೀತು, ಬಿಸಿಲು ಇಳಿದಿರುತ್ತದೆ, ಸ್ಟೇಷನ್ ಪಕ್ಕದಲ್ಲೇ ಇರುತ್ತದೆ.

ಹಂತ 8: ಬೆಟ್ಟವೋ ನೀರೋ, ಒಂದನ್ನು ಆರಿಸಿ

ಒಂದೇ ದಿನದಲ್ಲಿ ಬ್ರೆಗೆಂಜ್, ಬೆಟ್ಟ, ಈಜು, ಪೆಡಲ್ ಬೋಟ್ ಎಲ್ಲವನ್ನೂ ತುರುಕಿದ ಗುಂಪುಗಳೇ ಟ್ರೈನ್ ತಪ್ಪಿಸಿಕೊಳ್ಳುವುದು. ವಾರದ ದಿನ ಹೋದವರಿಗೆ ಆಯ್ಕೆಯೇ ಇಲ್ಲ, ನೀರು ಮಾತ್ರ.

ಬೆಟ್ಟ ಎಂದರೆ ಫೆಂಡರ್, 1,064 ಮೀಟರ್. ಲಿಂಡೌ ಬಂದರಿನಿಂದ ಹಡಗಿನಲ್ಲಿ 20–25 ನಿಮಿಷಕ್ಕೆ ಆಸ್ಟ್ರಿಯಾದ ಬ್ರೆಗೆಂಜ್, ಅಲ್ಲಿಂದ ಸುಮಾರು ಹತ್ತು ನಿಮಿಷ ನಡೆದರೆ ಕೇಬಲ್ ಕಾರ್, ಅದು ಮೇಲೆ ಒಯ್ಯಲು 6 ನಿಮಿಷ. ಅರ್ಧ ಗಂಟೆಗೊಂದು ಓಡುತ್ತದೆ. ಮೇಲಿನ ಪ್ರಾಣಿವನಕ್ಕೆ ಟಿಕೆಟ್ ಇಲ್ಲ. ಒಟ್ಟು ಹಿಡಿಯಬೇಕಾದದ್ದು ನಾಲ್ಕು ಗಂಟೆ, ಕೆಳಗಿನ ಸರತಿಯೂ ಸೇರಿ. ಹೋಗುವಾಗ ಹಡಗು, ಬರುವಾಗ ಟ್ರೈನ್ ಇಟ್ಟುಕೊಳ್ಳಿ. ಟ್ರೈನಿನಲ್ಲಿ ಹದಿನೈದು ನಿಮಿಷದ ದಾರಿ, ಹಡಗಿಗಿಂತ ಹೆಚ್ಚು ಸಲ ಓಡುತ್ತದೆ. ಗಡಿಯಾಚೆಯ ಈ ತುಣುಕಿಗೆ ಪ್ರತ್ಯೇಕ ಟಿಕೆಟ್ ತೆಗೆದುಬಿಡಿ. ಹೊರಡುವ ಮುನ್ನ ಬೆಟ್ಟದ ವೆಬ್‌ಕ್ಯಾಮ್ ನೋಡಿ. ಮೇಲೆ ಮೋಡ ಕವಿದಿದ್ದರೆ ಹಣ ಕೊಟ್ಟು ಬಿಳಿ ಗೋಡೆ ನೋಡಿ ಬಂದಂತೆ. ಶರತ್ಕಾಲದಲ್ಲಿ ಇದರ ಉಲ್ಟಾ ಆಗುವುದೂ ಉಂಟು: ಸರೋವರ ಮಂಜಿನಲ್ಲಿ ಮುಳುಗಿರುತ್ತದೆ, ಬೆಟ್ಟದ ನೆತ್ತಿಯಲ್ಲಿ ಬಿಸಿಲು. ನವೆಂಬರ್‌ನಲ್ಲಿ ಕೇಬಲ್ ಕಾರನ್ನು ರಿಪೇರಿಗೆಂದು ಕೆಲವು ದಿನ ನಿಲ್ಲಿಸುತ್ತಾರೆ.

ನೀರು ಎಂದರೆ ಮುಂದಿನ ಹಂತ. ಇದನ್ನು ಓದದೆ ಇಳಿಯಬೇಡಿ.

ಹಂತ 9: ನೀರಿಗಿಳಿಯುವ ಮುನ್ನ

ಬೋಡನ್‌ಜೇ, ಅಂದರೆ ಲೇಕ್ ಕಾನ್‌ಸ್ಟನ್ಸ್, ನಮ್ಮ ಊರ ಕೆರೆಯಲ್ಲ. 536 ಚದರ ಕಿಲೋಮೀಟರ್ ವಿಸ್ತಾರ, ಅತಿ ಆಳದಲ್ಲಿ 251 ಮೀಟರ್. ದಡದಿಂದ ಕೆಲವೇ ಹೆಜ್ಜೆಗೆ ನೆಲ ತಟ್ಟನೆ ಇಳಿಯುವ ಜಾಗಗಳಿವೆ. ಈಜು ಬಾರದವರು ಬಂದರಿನ ಸುತ್ತಲಿನ ಕಲ್ಲುಮೆಟ್ಟಿಲುಗಳಿಂದ ಇಳಿಯಲೇಬೇಡಿ. ರಾಯ್ಟಿನ್ ಕಡೆಯ ಐಖ್‌ವಾಲ್ಡ್, ಬಾಡ್ ಶಾಖೆನ್ ಕಡೆಯ ಲಿಂಡೆನ್‌ಹೋಫ್‌ನಂಥ ಸ್ನಾನಘಟ್ಟಗಳಿಗೆ ಹೋಗಿ. ಈಜು ಬಾರದವರಿಗೆ ಗುರುತು ಮಾಡಿದ ಜಾಗ ಎಲ್ಲಿದೆ ಎಂದು ಕೇಳಿಕೊಂಡು ಅಲ್ಲೇ ಇರಿ. ಬಂದರಿನ ಒಳಗೆ ಮತ್ತು ಹಡಗು ನಿಲ್ಲುವ ಕಟ್ಟೆಯ ಹತ್ತಿರ ಈಜುವುದು ನಿಷಿದ್ಧ.

ಮೇ ತಿಂಗಳ ಬಿಸಿಲು ಮೋಸ ಮಾಡುತ್ತದೆ. ಗಾಳಿ ಬೆಚ್ಚಗಿರುತ್ತದೆ, ನೀರು ಕೊರೆಯುತ್ತಿರುತ್ತದೆ. ಒಮ್ಮೆಗೇ ಹಾರಿದರೆ ಉಸಿರು ಕಟ್ಟಿ, ಚೆನ್ನಾಗಿ ಈಜುವವರೂ ನೀರು ಕುಡಿಯುತ್ತಾರೆ. ಮೊದಲು ಕೈಕಾಲು, ಎದೆ ತೋಯಿಸಿಕೊಂಡು ನಿಧಾನಕ್ಕೆ ಇಳಿಯಿರಿ. ದಡ ಬಹಳ ಕಡೆ ಬೆಣಚುಕಲ್ಲಿನದು, ನೀರಿನ ಚಪ್ಪಲಿ ಇದ್ದರೆ ಕಾಲು ಉಳಿಯುತ್ತದೆ.

ದಡದ ಉದ್ದಕ್ಕೂ ಅಲ್ಲಲ್ಲಿ ಕಿತ್ತಳೆ ಬಣ್ಣದ ದೀಪಗಳಿವೆ. ಅವು ಅಲಂಕಾರಕ್ಕಲ್ಲ. ನಿಮಿಷಕ್ಕೆ 40 ಸಲ ಮಿನುಗಿದರೆ ಜೋರು ಗಾಳಿಯ ಮುನ್ಸೂಚನೆ: ಪೆಡಲ್ ಬೋಟ್‌ನಲ್ಲಿ ಇರುವವರು ದಡದ ಕಡೆ ತಿರುಗಿಸಿ, ನೀರಿನಲ್ಲಿರುವವರು ಹೊರಗೆ ಬನ್ನಿ. ನಿಮಿಷಕ್ಕೆ 90 ಸಲ ಮಿನುಗಿದರೆ ಬಿರುಗಾಳಿಯ ಎಚ್ಚರಿಕೆ, ಆ ಹೊತ್ತಿಗೆ ನೀವು ದಡದಲ್ಲೇ ಇರಬೇಕು. ಎಣಿಸುತ್ತಾ ಕೂರಬೇಕಿಲ್ಲ: ಸೆಕೆಂಡಿಗೆ ಒಂದಕ್ಕಿಂತ ನಿಧಾನವಾದರೆ ಮೊದಲನೆಯದು, ಪಟಪಟನೆ ಹೊಡೆದರೆ ಎರಡನೆಯದು. ಆಕಾಶ ತಿಳಿಯಾಗಿದೆ ಎಂದು ಉದಾಸೀನ ಮಾಡಬೇಡಿ. ದಕ್ಷಿಣದ ಬೆಟ್ಟಗಳಿಂದ ಬೀಸುವ, ಫ್ಯೋನ್ (Föhn) ಎಂದು ಕರೆಯುವ ಗಾಳಿ ಬರುವುದೇ ತಿಳಿಯಾದ ದಿನಗಳಲ್ಲಿ. ಆಲ್ಪ್ಸ್ ಬೆಟ್ಟಗಳು ಕೈಗೆಟುಕುವಷ್ಟು ಹತ್ತಿರ, ಸ್ಪಷ್ಟವಾಗಿ ಕಂಡರೆ ಅದೂ ಒಂದು ಸೂಚನೆ.

ಬಾಡಿಗೆಗೆ ಮೋಟಾರ್ ದೋಣಿಯೂ ಸಿಗುತ್ತದೆ. ಈ ಸರೋವರದಲ್ಲಿ ಲೈಸೆನ್ಸ್ ಇಲ್ಲದೆ ಓಡಿಸಬಹುದಾದದ್ದು 4.4 ಕಿಲೋವ್ಯಾಟ್ ತನಕದ ಎಂಜಿನ್ ಮಾತ್ರ. ಎಷ್ಟು ಜನ ಕೂರಬಹುದೆಂದು ದೋಣಿಯ ಮೇಲೆ ಬರೆದಿರುವುದನ್ನು ಮೀರಬೇಡಿ, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಸೆಲ್ಫಿಗೆಂದು ಎಲ್ಲರೂ ಒಂದೇ ಬದಿಗೆ ವಾಲಿದಾಗಲೇ ದೋಣಿ ಮಗುಚುವುದು.

ಹಂತ 10: ಊಟ

ಬಹಳ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಅಡುಗೆಮನೆ ಮುಚ್ಚಿ ಸಂಜೆ ಐದೂವರೆ ಹೊತ್ತಿಗೆ ತೆರೆಯುತ್ತಾರೆ. ಮೂರು ಗಂಟೆಗೆ ಹಸಿದುಕೊಂಡು ಹೋದ ಎಂಟು ಜನಕ್ಕೆ ಸಿಗುವುದು ಕೇಕು, ಕಾಫಿ. ತಂದ ತಿಂಡಿಯನ್ನು ಹನ್ನೊಂದರ ಹೊತ್ತಿಗೆ ತಿನ್ನಬೇಡಿ, ಈ ಸಮಯಕ್ಕೆ ಉಳಿಸಿಕೊಳ್ಳಿ. ದಡದ ಬೆಂಚಿನ ಮೇಲೆ ಕೂತು ತಿನ್ನಬಹುದು, ಹೋಟೆಲ್ ಕುರ್ಚಿಯಲ್ಲಿ ಕೂತು ಡಬ್ಬಿ ಬಿಚ್ಚುವಂತಿಲ್ಲ.

ಸಸ್ಯಾಹಾರಿಗಳಿಗೆ ಸುರಕ್ಷಿತವಾದದ್ದು ಕೇಸ್‌ಷ್ಪೆಟ್ಸ್ಲೆ, ಚೀಸ್ ಕರಗಿಸಿ ಈರುಳ್ಳಿ ಹಾಕಿದ ಹಿಟ್ಟಿನ ತುಣುಕುಗಳು. ದಿನ್ನೆಲೆ ಎಂಬ ತೆಳು ರೊಟ್ಟಿಯ ಮೇಲೆ ಸಾಮಾನ್ಯವಾಗಿ ಹಂದಿ ಮಾಂಸದ ಚೂರು ಇರುತ್ತದೆ, "ಓನೆ ಷ್ಪೆಕ್" ಎಂದು ಹೇಳಿ ತೆಗೆಸಿ. ಮೌಲ್‌ಟಾಶೆನ್ ನೋಡಲು ಮೋದಕದ ದೂರದ ನೆಂಟನಂತಿದ್ದರೂ ಒಳಗೆ ಬಹುತೇಕ ಮಾಂಸವೇ. ಮೀನು ತಿನ್ನುವವರಿಗೆ ಒಂದು ಮಾತು: ಇಲ್ಲಿನ ಪ್ರಸಿದ್ಧ ಫೆಲ್ಖೆನ್ ಮೀನು ತೀರಾ ಕಡಿಮೆಯಾಗಿ 2024ರಿಂದ ಮೂರು ವರ್ಷ ಅದನ್ನು ಹಿಡಿಯುವುದಕ್ಕೆ ನಿಷೇಧ ಹಾಕಿದರು. ಮೆನುವಿನಲ್ಲಿ ಆ ಹೆಸರು ಕಂಡರೆ ಎಲ್ಲಿಯ ಮೀನು ಎಂದು ಕೇಳಿ.

ಬಿಲ್ಲನ್ನು ಮೇಜಿನಲ್ಲೇ ಎಂಟು ಭಾಗ ಮಾಡಲು ಹೋಗಬೇಡಿ. ಒಬ್ಬರು ಕೊಟ್ಟು ಖರ್ಚು ಹಂಚುವ ಸ್ಪ್ಲಿಟ್‌ವೈಸ್ ಆ್ಯಪ್‌ನಲ್ಲಿ ಹಾಕಲಿ, ಹದಿನೈದು ನಿಮಿಷ ಉಳಿಯುತ್ತದೆ.

ಹಂತ 11: ವಾಪಸ್

ಪಿನ್ ಮಾಡಿದ ಟ್ರೈನಿಗೆ ಒಂದು ಗಂಟೆ ಮುಂಚೆ ಎಲ್ಲರೂ ದ್ವೀಪದ ಮೇಲೆ ಇರಬೇಕು, 25 ನಿಮಿಷ ಮುಂಚೆ ಪ್ಲಾಟ್‌ಫಾರ್ಮ್‌ನಲ್ಲಿ. ಟ್ರೈನ್ ಇನ್ಸೆಲ್‌ನಿಂದಲೇ ಹೊರಡುವುದಾದರೆ ಅಲ್ಲೇ ಹತ್ತಿ, ಮುಂದಿನ ಸ್ಟೇಷನ್‌ಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಸೈಕಲ್‌ಗಳೇ ತುಂಬಿರುತ್ತವೆ. ರಾಯ್ಟಿನ್‌ನಿಂದ ಹೊರಡುವುದಾದರೆ ದ್ವೀಪದಿಂದ ಅಲ್ಲಿಗೆ ಹೋಗುವ ಸಮಯವನ್ನು ಮೊದಲೇ ಕಳೆದು ಲೆಕ್ಕ ಹಾಕಿ. ಸಂಜೆ ಐದಕ್ಕೊಮ್ಮೆ ಆ್ಯಪ್ ತೆರೆದು ಟ್ರೈನ್ ರದ್ದಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ, ರದ್ದಾಗಿದ್ದರೆ ಮೊದಲು ಗೊತ್ತಾದವರಿಗೆ ಸೀಟು.

ಕಾರಿನಲ್ಲಿ ಹೋಗುವವರಿಗೆ

ಎ96 ಹೆದ್ದಾರಿಯಲ್ಲಿ ಸುಮಾರು 180 ಕಿಲೋಮೀಟರ್, ಎರಡು ಗಂಟೆ. ದ್ವೀಪದ ಮೇಲೆ ಪಾರ್ಕಿಂಗ್ ಹುಡುಕಬೇಡಿ, ದಡದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಅಥವಾ ನಡೆದು ಹೋಗಿ. ಬ್ರೆಗೆಂಜ್‌ಗೆ ಹೋದರೆ ಆಸ್ಟ್ರಿಯಾದ ಎ14ರಲ್ಲಿ ಗಡಿಯಿಂದ ಹೋಹೆನೆಮ್ಸ್ ತನಕ ವಿನ್ಯೆಟ್ (ಹೆದ್ದಾರಿ ಟೋಲ್ ಪಾಸ್) ಬೇಡ. ಅದರಾಚೆ ಹೆದ್ದಾರಿಯಲ್ಲಿ ಮುಂದುವರಿದರೆ ಬೇಕು.

ಟ್ರೈನ್ ತಪ್ಪಿಯೇ ಹೋದರೆ

ಒಂದು ಹಿಂದಿನ ಟ್ರೈನ್ ಆರಿಸಿಕೊಂಡಿದ್ದರೆ ಇನ್ನೊಂದು ಬಾಕಿ ಇರುತ್ತದೆ. ಅದೂ ಹೋದರೆ ಡಾಯ್ಚ್‌ಲಾಂಡ್ ಟಿಕೆಟ್‌ನವರಿಗೆ ಫ್ರೀಡ್ರಿಕ್ಸ್‌ಹಾಫನ್, ಉಲ್ಮ್ ಮೂಲಕ ಮೂರನೇ ದಾರಿ ಇದೆ. ಬಯರ್ನ್ ಟಿಕೆಟ್ ನಂಬಿ ಆ ದಾರಿ ಹಿಡಿಯಬೇಡಿ, ಅದು ಬೇರೆ ರಾಜ್ಯ. ಸಂಜೆಯ ಯೂರೋಸಿಟಿ ಉಳಿದಿದ್ದರೆ ಹತ್ತುವ ಮುನ್ನವೇ ಆ್ಯಪ್‌ನಲ್ಲಿ ಹೊಸ ಟಿಕೆಟ್ ತೆಗೆದು ರಾಯ್ಟಿನ್‌ಗೆ ಹೋಗಿ. ಅದು ದ್ವೀಪಕ್ಕೆ ಬರುವುದಿಲ್ಲ. ರೀಜನಲ್ ಟ್ರೈನ್ ತಡವಾಯಿತೆಂದು ಇದೇ ಅಗ್ಗದ ಟಿಕೆಟ್‌ನಲ್ಲಿ ಯೂರೋಸಿಟಿ ಹತ್ತಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಸೌಲಭ್ಯ ಬಯರ್ನ್ ಟಿಕೆಟ್‌ಗೂ ಇಲ್ಲ, ಡಾಯ್ಚ್‌ಲಾಂಡ್ ಟಿಕೆಟ್‌ಗೂ ಇಲ್ಲ.